ಉಲ್ಕಾವೀರನ ಕರಿಕೋಳಿ

ಆ ಪ್ರಕಾಶನ ಸಂಸ್ಥೆಯಲ್ಲಿ ಯಜಮಾನರಿಂದ ಹಿಡಿದು ಕಸ ಗುಡಿಸುವವಳ ತನಕ ಎಲ್ಲರೂ ಅವಳನ್ನು ರಬ್ಬರಕ್ಕ ಎಂದೇ ಕರೆಯುತ್ತಿದ್ದರು. ಹಾಗೆಂದು ಅವಳೇನೂ ಕೈಯಲ್ಲಿ ರಬ್ಬರ್ ಹಿಡಿದು ಕೂತಿರುತ್ತಿರಲಿಲ್ಲ. ಅಳಿಸುವುದೆಲ್ಲ ಕಂಪ್ಯೂಟರಿನ ಪರದೆಯ ಮೇಲೆ. ಹಳೆಯ ಕಾಲದ ಸಾಹಸವೀರರ ಕಾಮಿಕ್ಸ್ ಪುಸ್ತಕಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ತಂದು, ಒಟ್ಟುಗೂಡಿಸಿ, ದಪ್ಪ ರಟ್ಟಿನ ಸಂಪುಟಗಳಾಗಿ ಮತ್ತೆ ಅಚ್ಚು ಹಾಕುವುದು ಆ ಸಂಸ್ಥೆಯ ಕಸುಬು. ಹಾಗೆ ಸಿಗುವ ಪುಸ್ತಕಗಳ ಅವಸ್ಥೆಯನ್ನು ಕೇಳುವುದೇ ಬೇಡ. ಯಾರದೋ ಚಹಾ ಲೋಟದ ಉಂಗುರ, ಪಿನ್ನಿನ ತುಕ್ಕು, ಹಿಂದಿನ ಪುಟದಿಂದ ಇಣುಕುವ ಶಾಯಿ, ಯಾವುದೋ ಮಗು ಖಳನಾಯಕನ ರಾಣಿಗೆ ದಯಪಾಲಿಸಿದ ಮೀಸೆ. ಇದನ್ನೆಲ್ಲ ಒಂದೊಂದಾಗಿ ಅಳಿಸಿ, ಚಿತ್ರ ನಿನ್ನೆ ತಾನೇ ಬರೆದಂತೆ ಕಾಣಬೇಕು. ಅದು ರಬ್ಬರಕ್ಕನ ಕೆಲಸ.

ಅವಳು ಸೇರಿದ್ದು ಮಾತ್ರ ಚಿತ್ರ ಬರೆಯುವ ಆಸೆಯಿಂದ. ಚಿತ್ರಕಲಾ ಶಾಲೆಯಲ್ಲಿ ಅವಳ ಕೈ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಸಂದರ್ಶನಕ್ಕೆ ಬಂದ ದಿನ ಯಜಮಾನರು ಅವಳ ಚಿತ್ರಗಳನ್ನು ಇಸ್ಪೀಟೆಲೆಗಳಂತೆ ಸರಸರ ತಿರುವಿ, "ಬರೆಯೋರು ಬೇಕಾದಷ್ಟು ಜನ ಸಿಗ್ತಾರಮ್ಮ, ಅಳಿಸೋರು ಸಿಗಲ್ಲ" ಎಂದು ಹೇಳಿ ಮೂಲೆಯ ಕುರ್ಚಿ ತೋರಿಸಿದರು. ಕೂತವಳು ಇಪ್ಪತ್ತು ವರ್ಷ ಅಲ್ಲೇ ಕೂತಳು. ಸಂಕಟ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಸಂಕಟವನ್ನು ಎಷ್ಟು ದಿನ ಅಂತ ಹೊತ್ತು ತಿರುಗುವುದು, ಅದನ್ನೇ ತಿದ್ದಿ ತೀಡಿ ಹೆಮ್ಮೆ ಮಾಡಿಕೊಂಡಿದ್ದಳು. "ಇಷ್ಟು ವರ್ಷದಲ್ಲಿ ನನ್ನದು ಅಂತ ಒಂದು ಗೆರೆ ಸೇರಿಸಿದ್ರೆ ಕೇಳಿ" ಎಂದು ಹೊಸದಾಗಿ ಬಂದವರಿಗೆಲ್ಲ ಹೇಳುತ್ತಿದ್ದಳು. ಹೊಸಬರು ಹೂಂಗುಟ್ಟಿ ಊಟಕ್ಕೆ ಹೋಗುತ್ತಿದ್ದರು.

ಹೀಗಿರುವಾಗ ಉಲ್ಕಾವೀರನ ಸರದಿ ಬಂತು. ಉಲ್ಕಾವೀರ ಆಕಾಶದಿಂದ ಬಿದ್ದವನು. ಎದೆಯ ಮೇಲೆ ಬಾಲವಿರುವ ನಕ್ಷತ್ರ, ಸೊಂಟಕ್ಕೆ ಹೊಳೆಯುವ ಪಟ್ಟಿ, ಬೆನ್ನಿಗೆ ಮೇಲುಹೊದಿಕೆ. ಒಂದು ಕಾಲದಲ್ಲಿ ಕುತ್ತಿಗೆಗೆ ಟವೆಲು ಕಟ್ಟಿಕೊಂಡು ಕಾಂಪೌಂಡ್ ಗೋಡೆಯಿಂದ ಹಾರದ ಹುಡುಗನೇ ಇರಲಿಲ್ಲ. ಈಗ ಅವರೆಲ್ಲ ಮೊಮ್ಮಕ್ಕಳನ್ನು ಕಂಡಿದ್ದಾರೆ, ಮೊಣಕಾಲಿನ ಗಾಯದ ಗುರುತು ಮಾತ್ರ ಹಾಗೇ ಇದೆ. ಅದನ್ನು ಅಚ್ಚು ಹಾಕುತ್ತಿದ್ದ ಹಳೆಯ ಕಂಪನಿ ಯಾವಾಗಲೋ ಬಾಗಿಲು ಹಾಕಿತ್ತು. ಮೂಲ ಚಿತ್ರಗಳನ್ನೆಲ್ಲ ರದ್ದಿಯವನಿಗೆ ತೂಕಕ್ಕೆ ಹಾಕಿತ್ತು. ಉಳಿದಿದ್ದವರು ಆ ಚಿತ್ರಗಳನ್ನು ಬರೆದ ಕಲಾವಿದರೊಬ್ಬರೇ. ಎಂಬತ್ತು ದಾಟಿದ್ದರು, ಕಣ್ಣು ಮಂಜು, ಕೈ ನಡುಕ, ಸಿಟ್ಟು ಮಾತ್ರ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ.

ಅವರು ಒಂದೇ ಒಂದು ಷರತ್ತಿನ ಮೇಲೆ ಒಪ್ಪಿದ್ದರು. "ನನ್ನ ಗೆರೆ ಒಂದೂ ಹೋಗ್ಬಾರ್ದು, ಬೇರೆಯವರ ಗೆರೆ ಒಂದೂ ಬರಬಾರ್ದು. ಕೊನೇ ಪ್ರೂಫು ನಾನೇ ನೋಡ್ತೀನಿ. ಒಂದು ಗೆರೆ ಹೆಚ್ಚುಕಮ್ಮಿ ಆದ್ರೂ ಸಹಿ ಹಾಕಲ್ಲ, ಪುಸ್ತಕಾನೂ ಬರಲ್ಲ." ಈ ಮಾತು ಕೇಳಿ ಕಚೇರಿಯಲ್ಲಿ ಎಲ್ಲರೂ ರಬ್ಬರಕ್ಕನ ಕಡೆ ನೋಡಿದರು. ಇದು ತನಗಾಗಿಯೇ ಹೇಳಿ ಮಾಡಿಸಿದ ಷರತ್ತು ಎಂದು ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಳು.

ಉಲ್ಕಾವೀರನ ಪುಸ್ತಕಗಳು ಒಂದೂ ಬಿಡದಂತೆ ಇದ್ದದ್ದು ಔಷಧಿ ಅಂಗಡಿಯ ಒಬ್ಬ ಹಿರಿಯರ ಬಳಿ. ಕಚೇರಿಯವರು ಅವರಿಗೆ ಮಾತ್ರೆ ಮಾಮ ಎಂದು ಹೆಸರಿಟ್ಟಿದ್ದರು. ಪುಸ್ತಕ ಹೊರಗೆ ಕೊಡುವುದೆಂದರೆ ಅವರಿಗೆ ಹೆಣ್ಣು ಒಪ್ಪಿಸಿಕೊಟ್ಟಷ್ಟು ಸಂಕಟ. ಆದ್ದರಿಂದ ತಾವೇ ಅಂಗಡಿಯಲ್ಲಿ ಕೂತು, ಡಾಕ್ಟರ ಚೀಟಿ ಸ್ಕ್ಯಾನ್ ಮಾಡುವ ಪುಟ್ಟ ಯಂತ್ರದಲ್ಲಿ ಮೊದಲ ಸಂಪುಟಕ್ಕೆ ಬೇಕಾದ ಪುಟಗಳನ್ನು ಒಂದೊಂದಾಗಿ ಹಾಕಿ ಕಳಿಸಿದರು. ಆ ಯಂತ್ರಕ್ಕೆ ಗೊತ್ತಿದ್ದದ್ದು ಎರಡೇ ಬಣ್ಣ, ಕಪ್ಪು ಮತ್ತು ಬಿಳಿ. ಪರವಾಗಿಲ್ಲ, ಗೆರೆ ಬಂದರೆ ಸಾಕು, ಬಣ್ಣ ನಾವು ಹೊಸದಾಗಿ ತುಂಬುತ್ತೇವೆ ಎಂದರು ಸಂಪಾದಕರು.

ಆ ಪುಟಗಳಲ್ಲಿ ಒಂದು ಕೋಳಿ ಇತ್ತು.

ಕರೀ ಕೋಳಿ. ಮೈಯೆಲ್ಲ ಕಪ್ಪು, ಒಂದು ಕೊಕ್ಕು, ತಲೆಯ ಮೇಲೆ ಮೂರು ಗೀಟಿನ ಜುಟ್ಟು. ಉಲ್ಕಾವೀರ ಎಲ್ಲಿಗೆ ಹೋದರೂ ಅದು ಹಾಜರು. ಅವನು ಜ್ವಾಲಾಮುಖಿಯ ಬಾಯಲ್ಲಿ ನಿಂತರೆ ಮುಂದೆ ಕೋಳಿ. ಚಂದ್ರನ ಮೇಲೆ ಇಳಿದರೆ ಅಲ್ಲೂ ಕೋಳಿ, ಉಸಿರಾಟದ ಮುಖವಾಡ ಸಹ ಇಲ್ಲದೆ. ಧೂಮರಾಜ ಎಂಬ ಖಳನಾಯಕ ನಗರವನ್ನು ಸುಡುತ್ತೇನೆಂದು ಅಬ್ಬರಿಸುವಾಗ ಅವನ ಮುಂದೆಯೂ ಒಂದು ಕೋಳಿ ನಿಂತು ಬೇರೆಲ್ಲೋ ನೋಡುತ್ತಿರುತ್ತಿತ್ತು. ರಬ್ಬರಕ್ಕ ಮೊದಲ ದಿನ ಕೊಂಚ ಹೊತ್ತು ತಲೆ ಕೆರೆದುಕೊಂಡಳು. ಮಕ್ಕಳು ಗೀಚಿದ್ದಿರಬಹುದೇ? ಆದರೆ ಗೀಚಿದ್ದು ಒಂದು ಪುಟದಲ್ಲಿರುತ್ತದೆ, ಎರಡು ಪುಟದಲ್ಲಿರುತ್ತದೆ. ಪ್ರತಿ ಪುಟದಲ್ಲೂ ತಪ್ಪದೆ ಬಂದರೆ ಅದು ಗೀಚಿದ್ದಲ್ಲ, ಪಾತ್ರ. ಅಲ್ಲದೆ ಪೆನ್ನಿನ ಗೀಚು ಬಣ್ಣದಲ್ಲೇ ಗೊತ್ತಾಗಿಬಿಡುತ್ತದೆ, ಇದಾದರೋ ಉಳಿದ ಗೆರೆಗಳಷ್ಟೇ ಕಪ್ಪಗಿತ್ತು.

ಸಂಶಯ ಪೂರ್ತಿ ಹೋಗಲೆಂದು ಸಂಪಾದಕರನ್ನು ಕೇಳಿದಳು. ಸಂಪಾದಕರು ಕನ್ನಡಕವನ್ನು ಹಣೆಗೇರಿಸಿಕೊಂಡು ಓಡಾಡುವವರು, ಪ್ರತಿ ಮಾತಿಗೂ "ಒಂದು ಅರ್ಥದಲ್ಲಿ" ಎನ್ನುವವರು, ಗೊತ್ತಿಲ್ಲ ಎಂಬ ಪದವನ್ನು ಹುಟ್ಟಿದಾಗಿನಿಂದ ಬಳಸದವರು.

"ಕೋಳಿ ನೆನಪಿಲ್ವೇ ನಿಮಗೆ?" ಎಂದರು ಕನಿಕರದಿಂದ. "ನಾವೆಲ್ಲ ಚಿಕ್ಕವರಿದ್ದಾಗ, ಒಂದು ಅರ್ಥದಲ್ಲಿ, ಕೋಳಿಗೋಸ್ಕರಾನೇ ಓದ್ತಿದ್ವಿ."

ಅಲ್ಲಿಗೆ ಕೋಳಿಗೆ ಪೌರತ್ವ ಸಿಕ್ಕಂತಾಯಿತು. ಸಂಪಾದಕರು ಮುನ್ನುಡಿ ಬರೆಯಲು ಕೂತರು. ಒಂಟಿ ಕೋಳಿ ಎಂದರೆ ಬಲಶಾಲಿಯ ಪದತಲದಲ್ಲಿರುವ ಜನಸಾಮಾನ್ಯ. ಉಲ್ಕಾವೀರ ಕಾಲು ಅಗಲಿಸಿ ನಿಂತ ಚಿತ್ರಗಳಲ್ಲಿ ಎರಡು ಕೋಳಿ ಇರುತ್ತವಲ್ಲ, ಅದು ವೀರನ ಮನಸ್ಸಿನ ಇಬ್ಬಂದಿತನ. ಧೂಮರಾಜನ ಸೈನ್ಯ ಬರುವ ಪುಟದಲ್ಲಿ ಕೋಳಿಗಳ ಹಿಂಡೇ ಇದೆ, ಅದು ಸಮುದಾಯದ ಎಚ್ಚರ. ಓದಿದ ಯಜಮಾನರಿಗೆ ಅರ್ಥವಾಗಲಿಲ್ಲ, ಆದ್ದರಿಂದ ಬಹಳ ಮೆಚ್ಚಿಕೊಂಡರು. ಮುಖಪುಟದ ಮೇಲೆ ಕೋಳಿ ಬರಲಿ ಎಂದರು. ಪುಸ್ತಕದೊಳಗೆ ಗುರುತಿಗೆ ಇಡುವ ಪಟ್ಟಿಯನ್ನೂ ಕೋಳಿಯ ಆಕಾರದಲ್ಲೇ ಕತ್ತರಿಸಿ ಎಂದರು.

ಇಡೀ ಸಂಪುಟದಲ್ಲಿ ಕೋಳಿ ಇಲ್ಲದ ಪುಟವೆಂದರೆ ಒಂದೇ. ಉಲ್ಕಾವೀರ ಮೋಡ ಸೀಳಿ ಮೇಲೇರುತ್ತಾನೆ, ಎದೆಯ ತನಕ ಮಾತ್ರ ಕಾಣುತ್ತಾನೆ, ಕೆಳಗಡೆ ನಗರದ ಮನೆಗಳ ಹೆಂಚಿನ ಮಾಡುಗಳು. ಅದರ ಬಲ ಮೂಲೆಯಲ್ಲಿ ತೇವ ತಾಗಿದ ದೊಡ್ಡ ಕಲೆ. ರಬ್ಬರಕ್ಕ ಕಲೆ ತೆಗೆದಳು. ಕೆಳಗೆ ಬರೀ ಮಾಡು. ಅವಳಿಗೆ ಸಮಾಧಾನವಾಗಲಿಲ್ಲ. ಎಲ್ಲ ಪುಟದಲ್ಲೂ ಇರುವ ಕೋಳಿ ಇಲ್ಲಿ ಯಾಕಿಲ್ಲ? ಇದ್ದೇ ಇತ್ತು, ನೀರು ತಿಂದು ಹಾಕಿದೆ. ನನ್ನ ಗೆರೆ ಒಂದೂ ಹೋಗಬಾರದು ಎಂದಿಲ್ಲವೇ ಹಿರಿಯರು? ಎರಡು ದಿನ ಒಳಗೊಳಗೇ ಜಗಳವಾಡಿ, ಮೂರನೆಯ ದಿನ ಬಾಗಿಲ ಕಡೆ ಒಮ್ಮೆ ನೋಡಿ, ಹೆಂಚಿನ ಮಾಡಿನ ಅಂಚಿನಲ್ಲಿ ಒಂದು ಕೋಳಿ ಬರೆದಳು. ಬರೆಯುತ್ತ ಬರೆಯುತ್ತ ಊಟದ ಹೊತ್ತು ಮೀರಿದ್ದೂ ತಿಳಿಯಲಿಲ್ಲ. ಮುಗಿದ ಮೇಲೆ, ಇದು ಸೇರಿಸಿದ್ದಲ್ಲ, ಉಳಿಸಿಕೊಟ್ಟಿದ್ದು ಎಂದು ತನಗೆ ತಾನೇ ಹೇಳಿಕೊಂಡು ಡಬ್ಬಿ ಬಿಚ್ಚಿದಳು.

ಕೊನೆಯ ಪ್ರೂಫು ತಯಾರಾಯಿತು. ಕಲಾವಿದರ ಮನೆಗೆ ಒಯ್ಯಲು ದಿನ ಗೊತ್ತಾಯಿತು. ಅದರ ಹಿಂದಿನ ಭಾನುವಾರ ರಬ್ಬರಕ್ಕನ ಅತ್ತೆಗೆ ಬೀರು ಒರೆಸಬೇಕೆಂಬ ಹುಕಿ ಬಂತು. ಅವರಿಗೆ ಇಂಥ ಹುಕಿ ಬರುವುದು ಸೊಸೆಗೆ ರಜೆಯಿದ್ದ ದಿನ ಮಾತ್ರ. ಅತ್ತೆ ಮಗ್ಗುಲಲ್ಲಿ ಕೂತು ಹೇಳುವುದು, ಸೊಸೆ ಬಗ್ಗಿ ಒರೆಸುವುದು. ಕೆಳಗಿನ ಖಾನೆಯ ಬಟ್ಟೆಗಳನ್ನೆಲ್ಲ ತೆಗೆದಾಗ ತಳಕ್ಕೆ ಹಾಸಿದ್ದ ಹಳೆಯ ಕಾಗದ ಕಂಡಿತು. ಅದರ ಮೇಲೆ ಉಲ್ಕಾವೀರ ಸೊಂಟದ ಮೇಲೆ ಕೈಯಿಟ್ಟು, ಕಾಲು ಅಗಲಿಸಿ ನಿಂತಿದ್ದ. ಅವಳು ತಿಂಗಳುಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ತಿದ್ದಿದ ಪುಟವೇ.

"ಕೋಳಿ ಎಲ್ಲಿ?" ಎಂದಳು ರಬ್ಬರಕ್ಕ.

"ಏನೇ?" ಎಂದರು ಅತ್ತೆ.

"ಇಲ್ಲಿ ಎರಡು ಕೋಳಿ ಇರ್ಬೇಕಿತ್ತು ಅತ್ತೆ."

ಅತ್ತೆ ಬೀರುವಿನೊಳಗೆ ಬಗ್ಗಿ ನೋಡಿದರು. ಆಮೇಲೆ ಸೊಸೆಯ ಹಣೆ ಮುಟ್ಟಿ ನೋಡಿದರು. "ನಿನ್ನ ಗಂಡ ಸಣ್ಣೋನಿದ್ದಾಗ ಹಾಸಿದ ಕಾಗದ ಕಣೇ ಇದು. ಈ ಬೀರುನಲ್ಲಿ ಕೋಳಿ ಯಾವತ್ತೂ ಇಟ್ಟಿಲ್ಲ ನಾನು. ಹೋಗಿ ಸ್ವಲ್ಪ ಮಲಕ್ಕೋ."

ಕೋಳಿಗಳಿರಬೇಕಾದ ಜಾಗದಲ್ಲಿ ಉಲ್ಕಾವೀರನ ಎರಡು ಪಾದಗಳಿದ್ದವು. ಅವು ಪಾದಗಳಂತೆ ಇರಲಿಲ್ಲ ಎಂಬುದು ಬೇರೆ ಮಾತು, ಅದನ್ನೆಲ್ಲ ಗಮನಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಕೋಳಿ ಕಲಾವಿದರದಲ್ಲ. ಹಾಗಿದ್ದರೆ ಮಾಡಿನ ಮೇಲೆ ತಾನು "ಉಳಿಸಿಕೊಟ್ಟ" ಕೋಳಿ?

ಮರುದಿನ ಬೆಳಿಗ್ಗೆ ಕಚೇರಿಗೆ ಹೋಗುವ ಬದಲು ನೇರ ಔಷಧಿ ಅಂಗಡಿಗೆ ನಡೆದಳು. ಮಾತ್ರೆ ಮಾಮ ಯಾರಿಗೋ ಕೆಮ್ಮಿನ ಔಷಧಿ ಸುತ್ತಿಕೊಡುತ್ತಿದ್ದರು. ಅವಳು ಬೀರುವಿನ ಕಾಗದವನ್ನು ಗಾಜಿನ ಕಟ್ಟೆಯ ಮೇಲೆ ಹರಡಿದಳು. ಮಾಮನ ಮುಖ ಹುಳ್ಳಗಾಯಿತು. ಒಳಗಿನಿಂದ ತಮ್ಮ ಪುಸ್ತಕ ತಂದು ಅದೇ ಪುಟ ತೆರೆದು ಪಕ್ಕಕ್ಕಿಟ್ಟರು. ಎರಡು ಕೋಳಿಗಳಿದ್ದವು. ಅಚ್ಚ ನೀಲಿ ಬಣ್ಣ, ಶಾಲೆಯ ಮಕ್ಕಳ ಇಂಕ್ ಪೆನ್ನಿನ ನೀಲಿ. ಚೀಟಿ ಸ್ಕ್ಯಾನ್ ಮಾಡುವ ಯಂತ್ರ ಅದನ್ನೂ ಅಚ್ಚಿನ ಮಸಿಯನ್ನೂ ಒಂದೇ ಕಪ್ಪು ಮಾಡಿಬಿಟ್ಟಿತ್ತು.

"ಯಾರು ಬರೆದಿದ್ದು ಮಾಮ?"

"ನಾನೇ," ಎಂದರು ಮಾಮ, ಗಿರಾಕಿಗೆ ಕೇಳಿಸದಷ್ಟು ಮೆಲ್ಲಗೆ. "ಆಗ ನನಗೆ ಹತ್ತು ವರ್ಷ ಇರ್ಬೇಕು."

"ಮತ್ತೆ ಒಂದು ಮಾತು ಹೇಳ್ಬಾರ್ದಾಗಿತ್ತಾ?"

"ನಿಮ್ಮನ್ನ ರಬ್ಬರಕ್ಕ ಅಂತಾರಲ್ಲಮ್ಮ. ಅಳಿಸೇ ಅಳಿಸ್ತೀರಿ ಅಂದ್ಕೊಂಡು ಸುಮ್ಮನಿದ್ದೆ." ಗಿರಾಕಿಯತ್ತ ತಿರುಗಿ, "ದಿನಕ್ಕೆ ಮೂರು ಸಲ, ಊಟ ಆದ್ಮೇಲೆ," ಎಂದರು.

"ಹೋಗ್ಲಿ, ಯಾಕೆ ಬರೆದ್ರಿ? ಅದೂ ಎಲ್ಲಾ ಪುಟದಲ್ಲೂ?"

"ಅದೊಂದು ಮಾತ್ರ ಕೇಳ್ಬೇಡಿ. ಆ ಹಿರಿಯರ ಕಿವಿಗೆ ಬಿದ್ರೆ ಬೇಜಾರು ಮಾಡ್ಕೋತಾರೆ." ಇಷ್ಟು ಹೇಳಿ ಬಾಯಿಗೆ ಬೀಗ ಹಾಕಿಕೊಂಡವರು, ಅವಳು ಏನು ಕೇಳಿದರೂ ತೆಗೆಯಲಿಲ್ಲ. ಪಾಪ ಗಿರಾಕಿ ಇಬ್ಬರ ಮುಖವನ್ನೂ ನೋಡಿ, ಕೆಮ್ಮುವುದನ್ನೂ ಮರೆತು ಹೊರಟುಹೋದ.

ಕಚೇರಿಯಲ್ಲಿ ಸಂಪಾದಕರು ಎರಡೂ ಪುಟಗಳನ್ನು ನೋಡಿ ಕನ್ನಡಕವನ್ನು ಹಣೆಯಿಂದ ಇಳಿಸಿದರು. ಅದು ಇಳಿದದ್ದನ್ನು ಕಚೇರಿ ಅದೇ ಮೊದಲು ನೋಡಿದ್ದು.

"ಅಳಿಸೋಕಾಗುತ್ತಾ?"

"ಕೋಳಿ ಅಳಿಸಬಹುದು. ಅದರ ಕೆಳಗೆ ಏನಿತ್ತೋ ಅದನ್ನ ಎಲ್ಲಿಂದ ತರೋದು? ಮೈಯೆಲ್ಲ ಇಂಕು ತುಂಬಿದಾರೆ. ಈ ಒಂದು ಪುಟಕ್ಕೆ ನಮ್ಮತ್ತೆ ಬೀರು ಸಿಕ್ತು, ಉಳಿದಿದ್ದಕ್ಕೆ?"

ಸಂಪಾದಕರು ಕಿಟಕಿಯ ತನಕ ಹೋಗಿ ಬಂದರು. ಮುನ್ನುಡಿ ಹನ್ನೆರಡು ಪುಟ, ಅದರಲ್ಲಿ ಕೋಳಿ ತೆಗೆದರೆ ಉಳಿಯುವುದು ಅವರ ಹೆಸರು ಮಾತ್ರ. "ನೋಡಿ, ಹಿರಿಯರ ಕಣ್ಣು ಮಂಜು. ಬರೆದು ಐವತ್ತು ವರ್ಷದ ಮೇಲಾಯ್ತು. ಒಂದು ಅರ್ಥದಲ್ಲಿ, ಅವರಿಗೂ ಮರೆತಿರುತ್ತೆ. ನಾವು ಕೋಳಿ ಸುದ್ದಿ ಎತ್ತೋದೇ ಬೇಡ. ನೀವು ಬರೋದು ಪುಟ ತಿರುಗಿಸೋಕೆ, ಅಷ್ಟೇ."

ರಬ್ಬರಕ್ಕ ಬೇಡವೆನ್ನಲಿಲ್ಲ. ಬೇಡವೆನ್ನಲು ಅವಳಿಗೆ ಬಾಯಿ ಎಲ್ಲಿತ್ತು? ಮಾಡಿನ ಮೇಲಿನ ಕೋಳಿಯ ಸಂಗತಿ ಸಂಪಾದಕರಿಗೂ ಹೇಳಿರಲಿಲ್ಲ. ಹೇಳಿದರೆ ಇಪ್ಪತ್ತು ವರ್ಷದ ಹೆಮ್ಮೆ ಒಂದೇ ಏಟಿಗೆ ಮಣ್ಣುಪಾಲು. ಹೇಳದಿದ್ದರೆ ಆ ಮುದುಕರ ಹೆಸರಿನ ಕೆಳಗೆ ಕದ್ದು ಕೂತ ಹಾಗೆ. ದಾರಿಯುದ್ದಕ್ಕೂ ಪ್ರೂಫಿನ ಕಟ್ಟನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು.

ಕಲಾವಿದರ ಮನೆ ಎರಡನೆಯ ಮಹಡಿಯಲ್ಲಿ. ಕಿಟಕಿಗೆ ತಾಗಿಸಿದ ಮೇಜು, ಅದರ ಮೇಲೆ ಬಗ್ಗುವ ಕಂಬಕ್ಕೆ ಸಿಕ್ಕಿಸಿದ ಊಟದ ತಟ್ಟೆಯಷ್ಟು ಅಗಲದ ಭೂತಗನ್ನಡಿ. ಮಂಚದ ಮೇಲೆ ಕೂತು ಅವರ ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಕಲಾವಿದರು ಮೊದಲ ಪುಟವನ್ನು ಕನ್ನಡಿಯ ಕೆಳಗಿಟ್ಟುಕೊಂಡರು. ಓದಲಿಲ್ಲ, ಬೆರಳಿನಿಂದ ಸವರಿದರು.

"ಎಲ್ಲಾ ತೂಕಕ್ಕೆ ಹಾಕಿಬಿಟ್ರಮ್ಮ ಅವರು," ಎಂದರು ರಬ್ಬರಕ್ಕನಿಗೆ. "ನನ್ನ ಹತ್ರ ಒಂದು ಹಾಳೆ ಇಲ್ಲ. ನಾನೇ ಬರೆದಿದ್ದೋ, ಕನಸೋ ಅಂತ ಅನುಮಾನ ಬಂದುಬಿಟ್ಟಿತ್ತು."

ಈ ಮನುಷ್ಯನಿಗೆ ಸುಳ್ಳು ಪುಸ್ತಕ ಕೊಡಲು ಬಂದಿದ್ದೇವಲ್ಲ ಎಂದು ರಬ್ಬರಕ್ಕನಿಗೆ ನಾಚಿಕೆಯಾಯಿತು. ಅತ್ತ ಸಂಪಾದಕರಿಗೆ ಮೌನವೆಂದರೆ ಆಗಿಬರುವುದಿಲ್ಲ. ತಾವೇ ಎತ್ತಬಾರದೆಂದಿದ್ದ ಸುದ್ದಿಯನ್ನು ತಾವೇ ಎತ್ತಿದರು.

"ನಿಮ್ಮ ಕೋಳಿಯ ಕಲ್ಪನೆ ಇದೆಯಲ್ಲ ಸರ್, ಒಂದು ಅರ್ಥದಲ್ಲಿ—"

"ಯಾವ ಕೋಳಿ?" ಎಂದರು ಕಲಾವಿದರು.

ಸಂಪಾದಕರು ಉಗುಳು ನುಂಗಿದರು. ಆ ಅರ್ಥ ಅದರೊಂದಿಗೇ ಒಳಕ್ಕೆ ಹೋಯಿತು. ಕಾಲಿಗೆ ಬುದ್ಧಿ ಹೇಳೋಣವೆಂದರೆ ಬಾಗಿಲಲ್ಲಿ ಬಟ್ಟೆಯ ಬುಟ್ಟಿ ಇತ್ತು.

"ಕೋಳಿ ನಿಮ್ಮದಲ್ಲ ಸರ್," ಎಂದಳು ರಬ್ಬರಕ್ಕ. ಶುರು ಮಾಡಿದ ಮೇಲೆ ನಿಲ್ಲಿಸಲಿಲ್ಲ. ಮಾತ್ರೆ ಮಾಮ, ನೀಲಿ ಇಂಕು, ಚೀಟಿಯ ಯಂತ್ರ, ಅತ್ತೆಯ ಬೀರು, ಎಲ್ಲ ಹೇಳಿದಳು. ಒಂದನ್ನು ಬಿಟ್ಟು. ಅಲ್ಲಿಗೆ ಬಂದಾಗ ನಾಲಿಗೆ ಹೊರಳಲಿಲ್ಲ.

ಕಲಾವಿದರ ಮುಖ ಕೆಂಪಗಾಯಿತು. "ನನ್ನ ಉಲ್ಕಾವೀರನ ಪಕ್ಕ ಕೋಳಿ? ಯಾವನ್ರೀ ಅವನು?" ಎಂದು ಕನ್ನಡಿಯನ್ನು ಎಳೆದುಕೊಂಡರು. ಒಂದು ಪುಟ ನೋಡಿದರು. ಇನ್ನೊಂದು ನೋಡಿದರು. ಬಟ್ಟೆ ಮಡಿಸುತ್ತಿದ್ದ ಹೆಂಡತಿ ಎದ್ದು ಬಂದು ಅವರ ಭುಜದ ಮೇಲಿಂದ ಇಣುಕಿದರು.

"ಅಯ್ಯೋ, ಚೆನ್ನಾಗಿದೆಯಲ್ಲ," ಎಂದರು ಆಕೆ. "ಕಾಲು ಕಾಣಿಸ್ತಾನೇ ಇಲ್ಲ."

ಕಲಾವಿದರ ಕೈ ನಿಂತಿತು. ಹಿಂದಿನ ಪುಟಕ್ಕೆ ಹೋದರು. ಅದರ ಹಿಂದಿನದಕ್ಕೆ ಹೋದರು. ಜ್ವಾಲಾಮುಖಿಯ ಬಾಯಲ್ಲಿ ಕೋಳಿ ನಿಂತಿದ್ದು ಉಲ್ಕಾವೀರನ ಪಾದದ ಮುಂದೆ. ಚಂದ್ರನ ಮೇಲೆ ನಿಂತಿದ್ದು ಪಾದದ ಮುಂದೆ. ಕಾಲು ಅಗಲಿಸಿ ನಿಂತಲ್ಲಿ ಪಾದಕ್ಕೊಂದರಂತೆ ಎರಡು. ಧೂಮರಾಜನ ಸೈನ್ಯಕ್ಕೆ ಎಷ್ಟು ಕಾಲೋ ಅಷ್ಟು ಕೋಳಿ. ಸಮುದಾಯದ ಎಚ್ಚರ ಎಲ್ಲಿಂದ ಬಂದಿತ್ತೆಂದು ಸಂಪಾದಕರಿಗೂ ಆಗ ಅರ್ಥವಾಯಿತು. ಅವರು ಮುನ್ನುಡಿಯ ಹಾಳೆಗಳನ್ನು ಮೆಲ್ಲಗೆ ಚೀಲದೊಳಗೆ ತುರುಕಿದರು.

"ನನಗೆ ಕಾಲು ಬರ್ತಿರ್ಲಿಲ್ಲ," ಎಂದರು ಕಲಾವಿದರು, ಯಾರಿಗೆಂದಲ್ಲದೆ. "ಮುಖ ಬರೀತಿದ್ದೆ, ಕೈ ಬರೀತಿದ್ದೆ. ಪಾದದ ಹತ್ರ ಬಂದ್ರೆ ಎರಡು ಬ್ರೆಡ್ಡು ಇಟ್ಟ ಹಾಗೆ ಆಗೋದು."

"ಮದುವೆಯಾದ ಹೊಸದ್ರಲ್ಲೇ ಹೇಳಿದ್ದೆ," ಎಂದರು ಹೆಂಡತಿ.

"ನೀನು ಹೇಳಿದ್ದೆ ಮಾರಾಯ್ತಿ. ತಿಂಗಳಿಗೊಂದು ಸಲ ಹೇಳ್ತಾನೇ ಬಂದೆ. ಹತ್ತು ವರ್ಷದ ಹುಡುಗ ನೋಡು, ಬೈಲಿಲ್ಲ, ಆಡ್ಕೊಳ್ಳಲಿಲ್ಲ. ಕೋಳಿ ಬರೆದು ನನ್ನ ಮಾನ ಮುಚ್ಚಿದ." ಅಷ್ಟು ಹೇಳಿದವರು ನಗತೊಡಗಿದರು. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ, ಹೆಂಡತಿ ಬೆನ್ನು ತಟ್ಟಿ ನೀರು ಕುಡಿಸಬೇಕಾಯಿತು. ಕಣ್ಣೊರೆಸಿಕೊಂಡು, "ಇರ್ಲಿ, ಎಲ್ಲಾ ಕೋಳಿನೂ ಇರ್ಲಿ. ಆ ಅಂಗಡಿಯವರ ಹೆಸರು ಹಾಕಿ ಒಳಗೆ," ಎಂದು ಪೆನ್ನಿಗೆ ಕೈ ಚಾಚಿದರು.

ಬದುಕಿದೆವು ಎಂದು ಸಂಪಾದಕರು ಕಣ್ಣಲ್ಲೇ ರಬ್ಬರಕ್ಕನಿಗೆ ಹೇಳಿದರು. ಅವಳು ಪುಟ ತಿರುಗಿಸುತ್ತಿದ್ದವಳು ಸಹಿಯ ಪುಟಕ್ಕೆ ಜಿಗಿದುಬಿಡೋಣವೆಂದು ಎರಡು ಹಾಳೆ ಒಟ್ಟಿಗೆ ಹಿಡಿದಳು. ಕಲಾವಿದರು ಅವಳ ಕೈ ಸರಿಸಿ, ನಡುವೆ ಉಳಿದದ್ದನ್ನು ಬಿಡಿಸಿದರು. ಮೋಡ ಸೀಳುವ ಉಲ್ಕಾವೀರ, ಕೆಳಗೆ ಮಾಡು, ಮಾಡಿನ ಅಂಚಿನಲ್ಲಿ ಕೋಳಿ.

ಅವರು ನೋಡಿದರು. ಕನ್ನಡಿ ಇನ್ನೂ ಹತ್ತಿರಕ್ಕೆ ಬಗ್ಗಿಸಿದರು.

"ಇಲ್ಲಿ ಕಾಲೇ ಬರೆದಿಲ್ಲ ನಾನು. ಎದೆ ತನಕ ಬರೆದು ಬಚಾವಾಗಿದೀನಿ. ಈ ಕೋಳಿಗೇನು ಕೆಲಸ ಇಲ್ಲಿ?"

"ಗೊತ್ತಿಲ್ಲ ಸರ್," ಎಂದರು ಸಂಪಾದಕರು, ಹುಟ್ಟಿದ ಮೇಲೆ ಮೊದಲ ಸಲ.

"ಅದು ನಂದು ಸರ್," ಎಂದಳು ರಬ್ಬರಕ್ಕ. ತಲೆ ಎತ್ತಲಿಲ್ಲ. "ಆ ಮೂಲೇಲಿ ಕಲೆ ಇತ್ತು. ಅದರ ಕೆಳಗೆ ಕೋಳಿ ಇದ್ದಿರ್ಬೇಕು, ಹೋಗಿಬಿಟ್ಟಿದೆ ಅಂದ್ಕೊಂಡೆ. ಅಂದ್ಕೊಂಡೆ ಅನ್ನೋದೂ ಸುಳ್ಳು. ಬರೀಬೇಕು ಅನ್ನಿಸ್ತು, ಬರೆದೆ. ಇಷ್ಟು ವರ್ಷದಲ್ಲಿ ಇದೊಂದೇ ಸರ್. ಈಗಲೇ ಹೋಗಿ ಅಳಿಸ್ತೀನಿ."

ಕಲಾವಿದರು ಹೆಂಡತಿಯನ್ನು ಕೈಸನ್ನೆ ಮಾಡಿ ಕರೆದರು. "ಇಲ್ಲಿ ಬಾ. ಇದರ ಕಾಲು ನೋಡು. ಹೆಂಚಿನ ಅಂಚನ್ನ ಹೆಂಗೆ ಹಿಡ್ಕೊಂಡಿದೆ ನೋಡು. ಮುಂದಿನ ಮೂರು ಬೆರಳಿಗೆ ಭಾರ ಬಿಟ್ಟಿದೆ, ಹಿಂದಿನದು ಹೆಂಚಿನ ಸಂದಿಗೆ ಸಿಗಿಸಿದೆ." ಹೆಂಡತಿ ನೋಡಿ, ಹೌದೆಂದು ತಲೆಯಾಡಿಸಿದರು. ಕಲಾವಿದರು ರಬ್ಬರಕ್ಕನ ಕಡೆ ತಿರುಗಿದರು. "ಈ ಪುಸ್ತಕದಲ್ಲಿ ಕಾಲು ಅಂತ ಇರೋದು ಇದೊಂದಕ್ಕೇ ಕಣಮ್ಮ. ಅಳಿಸ್ಬೇಡ."

ಇಪ್ಪತ್ತು ವರ್ಷದಲ್ಲಿ ಯಾರೂ ಅವಳಿಗೆ ಅಳಿಸಬೇಡ ಎಂದಿರಲಿಲ್ಲ. ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. ನಾಚಿಕೆಯೂ ಸಂತೋಷವೂ ಒಟ್ಟಿಗೇ ಬಂದು, ಯಾವುದನ್ನು ಮೊದಲು ಒರೆಸಬೇಕೆಂದು ಅವಳಿಗೆ ತಿಳಿಯಲಿಲ್ಲ.

ಸಹಿ ಬಿತ್ತು. ಸಂಪಾದಕರು ಪ್ರೂಫು ಕಟ್ಟಿಕೊಂಡು ಏಳುವಷ್ಟರಲ್ಲಿ ಕಲಾವಿದರು ಕೇಳಿದರು, "ಎರಡನೇ ಸಂಪುಟದಲ್ಲಿ ಕೋಳಿ ಇದೆಯಾ?"

"ಇಲ್ಲ ಸರ್," ಎಂದಳು ರಬ್ಬರಕ್ಕ. "ಅಂಗಡೀಲಿ ಆ ಪುಸ್ತಕಗಳನ್ನೂ ನೋಡ್ದೆ. ಅಷ್ಟೊತ್ತಿಗೆ ಆ ಮಾಮ ದೊಡ್ಡವರಾಗಿದ್ರು ಅನ್ಸುತ್ತೆ."

"ಹಾಗಾದ್ರೆ ಕಾಲೆಲ್ಲ ಬಯಲಾಗುತ್ತೆ." ಮೇಜಿನ ಖಾನೆ ಎಳೆದು ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್ ತೆಗೆದು ಅವಳ ಮುಂದಿಟ್ಟರು. "ಕೋಳಿದಾಯ್ತು. ಮನುಷ್ಯರ ಕಾಲು ಬರುತ್ತಾ ನಿನಗೆ?"

ಸಂಪಾದಕರು ಹೌಹಾರಿದರು. "ಸರ್, ನಿಮ್ಮ ಷರತ್ತು? ಬೇರೆಯವರ ಗೆರೆ ಒಂದೂ ಬರಬಾರದು ಅಂದಿದ್ರಿ."

"ಷರತ್ತು ನಾನು ಬರೆದಿದ್ದಕ್ಕೆ. ಪಾದ ನಾನು ಬರೆದೇ ಇಲ್ಲ, ಅಲ್ಲಿಗೆ ಬಂದಾಗೆಲ್ಲ ಕಣ್ಣು ಮುಚ್ಕೊಂಡಿದೀನಿ. ನೀವು ಕೂತ್ಕೊಳ್ಳಿ, ಚಹಾ ಬರುತ್ತೆ."

ರಬ್ಬರಕ್ಕ ಪೆನ್ಸಿಲ್ ಹಿಡಿದಳು. ಎಡಗೈ ತನ್ನಷ್ಟಕ್ಕೆ ತಾನೇ ಮೇಜಿನ ಮೇಲೆ ಏನನ್ನೋ ತಡಕಾಡಿತು.

"ಏನು ಹುಡುಕ್ತಿದೀಯ?"

"ರಬ್ಬರ್ ಸರ್."

"ಅದು ಬೇಡ," ಎಂದರು ಕಲಾವಿದರು.

ಯಾರ ಕಾಲು ಬರೆಯುವುದು ಎಂದು ಅವಳು ಅತ್ತಿತ್ತ ನೋಡಿದಳು. ಸಂಪಾದಕರು ತಮ್ಮ ಬೂಟುಗಳನ್ನು ಕುರ್ಚಿಯ ಅಡಿಗೆ ಎಳೆದುಕೊಂಡರು. ಅಷ್ಟರಲ್ಲಿ ಕಲಾವಿದರ ಹೆಂಡತಿ ಮಡಿಸಿದ ಬಟ್ಟೆಗಳನ್ನು ಮಂಚದ ಮೇಲಿಟ್ಟು ಬಂದು, ಗೋಡೆ ಬದಿಯ ಸ್ಟೂಲನ್ನು ಕಿಟಕಿಯ ಬೆಳಕಿಗೆ ಎಳೆದರು. ಚಪ್ಪಲಿ ಬಿಟ್ಟು, ಸೀರೆಯ ಅಂಚನ್ನು ಒಂಚೂರು ಮೇಲೆತ್ತಿ, ಬಲಗಾಲನ್ನು ಸ್ಟೂಲಿನ ಮೇಲಿಟ್ಟರು. ವಯಸ್ಸಾದ ಪಾದ, ಬಿರಿದ ಹಿಮ್ಮಡಿ, ಒಂದರ ಮೇಲೊಂದು ಹತ್ತಿ ಕೂತ ಎರಡು ಬೆರಳು.

"ನಂದು ನೋಡಿ ಬರಿ," ಎಂದರು ಆಕೆ. "ಇವರ ಕಣ್ಣೆದುರಿಗೇ ಐವತ್ತು ವರ್ಷ ಓಡಾಡಿದೀನಿ. ಒಂದು ಸಲನಾದ್ರೂ ಕೆಳಗೆ ನೋಡಿದ್ರೆ ಇಷ್ಟೆಲ್ಲ ಆಗ್ತಿತ್ತಾ?"

ಕಲಾವಿದರು ಭೂತಗನ್ನಡಿಯ ಕಂಬವನ್ನು ಬಗ್ಗಿಸಿ, ಸ್ಟೂಲಿನ ಮೇಲಕ್ಕೆ ತಂದು, ಮುಖ ಹತ್ತಿರಕ್ಕೊಯ್ದು ಹೆಂಡತಿಯ ಪಾದವನ್ನು ನೋಡುತ್ತ ಕೂತರು.

"ಅ‌ಲ್ಲಾಡ್ಬೇಡಿ ಅಮ್ಮ," ಎಂದು ಹೇಳಿ ರಬ್ಬರಕ್ಕ ಹಿಮ್ಮಡಿಯಿಂದ ಶುರು ಮಾಡಿದಳು.